ಎತ್ತಿನ ಮಣ್ಣು

ಗಾಜಿನ ಹಲಗೆಯ ಮೇಲೆ ರೂಪಾಲಿ ಹೊಸೆಯುತ್ತಿದ್ದ ಮಣ್ಣಿನ ಬತ್ತಿ ತುಂಡಾಗುವ ಹಾಗೆ ಕಾಣಲಿಲ್ಲ. ಊದಿನಕಡ್ಡಿಗಿಂತ ತುಸು ದಪ್ಪಕ್ಕೆ ಬಂದಾಗ ಅದು ಬಿರಿದು ಉದುರಬೇಕು, ಲೆಕ್ಕ ಹಾಗೆ. ಇದು ಬಿರಿಯುವುದಿರಲಿ, ಬೆರಳಿಗೆ ಸುತ್ತಿಕೊಂಡು ಬಳುಕಿತು. ಮತ್ತೆ ಉಂಡೆ ಕಟ್ಟಿ ಹೊಸೆದಳು. ಅಂಧೇರಿಯ ಈ ಲ್ಯಾಬಿಗೆ ಸೇರಿದ ಮೇಲೆ ಎಲ್ಲೆಲ್ಲಿಯದೋ ಮಣ್ಣು ಅವಳ ಅಂಗೈ ಕೆಳಗೆ ಹಾದು ಹೋಗಿದೆ. ಗುಡ್ಡದ ಮಣ್ಣು ಇಷ್ಟು ವಿಧೇಯವಾಗಿದ್ದನ್ನು ಅವಳು ಕಂಡಿರಲಿಲ್ಲ. ಗುಡ್ಡದ್ದು ಅಂದರೆ ಕಲ್ಲು, ಗರಸು, ನಡುನಡುವೆ ಜೇಡಿ, ಎಲ್ಲ ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಜರಡಿಗೆ ಹಾಕಿ ತೊಳೆದರೆ ಹೆಚ್ಚಿನ ಪಾಲು ಮೇಲೆಯೇ ಉಳಿಯುತ್ತದೆ. ಈ ಚೀಲದ್ದು ಮಾತ್ರ ಸರ್ರನೆ ಕೆಳಗಿಳಿದು, ಮೇಲೆ ಕಡಲೆಬೇಳೆಯಷ್ಟು ಒಂದೆರಡು ಹರಳು ಬಿಟ್ಟು ಹೋಗಿತ್ತು.

ಚೀಲಕ್ಕೆ ಕಟ್ಟಿದ ಚೀಟಿಯಲ್ಲಿ ಕಾಂದಿವಲಿಯ ಗುಡ್ಡದ ಹೆಸರಿತ್ತು. ಚೀಟಿ ಓದದಿದ್ದರೂ ಅವಳಿಗೆ ತಿಳಿಯುತ್ತಿತ್ತು. ಆ ಕೆಂಪು, ಆ ವಾಸನೆ ಅವಳ ಮನೆಯ ಹಿಂದಿನದು.

ಗುಡ್ಡದ ಮೈಗೆ ಅಂಟಿಕೊಂಡ ಚಾಳುಗಳಿಗೆ ಉಳಿಗಾಲವಿದೆಯೋ ಇಲ್ಲವೋ ಎಂಬುದು ಈ ಪರೀಕ್ಷೆಯ ಮೇಲೆ ನಿಂತಿತ್ತು. ಅರ್ಧಕ್ಕಿಂತ ಹೆಚ್ಚು ಕಲ್ಲು-ಗರಸು ಇದ್ದರೆ ಅದು ಗರಸು ನೆಲ. ಕೆಳಗೊಂದು ತಡೆಗೋಡೆ ಕಟ್ಟಿ ಜನರನ್ನು ಇದ್ದಲ್ಲೇ ಬಿಡುತ್ತಾರೆ. ಅರ್ಧಕ್ಕಿಂತ ಹೆಚ್ಚು ಜೇಡಿಯಾದರೆ ಜೇಡಿ ನೆಲ. ಮಳೆಗೆ ಕುಸಿಯುವ ಜಾಗವೆಂದು ಎಲ್ಲರನ್ನೂ ಎಬ್ಬಿಸುತ್ತಾರೆ. ಮಣ್ಣಿಗೆ ಹೆಸರಿಡುವ ಕೆಲಸ ಕೇಳಲಿಕ್ಕೆ ಚಂದ. ಆ ಹೆಸರಿನ ಮೇಲೆ ತನ್ನ ಅವ್ವ ಒಲೆ ಹೂಡಿದ್ದಾಳೆ ಎಂದು ಗೊತ್ತಾದಾಗ ಹೊಸೆಯುವ ಕೈ ನಿಧಾನವಾಗುತ್ತದೆ.

ಸಂಜೆ ಮನೆಗೆ ಹೋದಾಗ ಅಪ್ಪ ಗದಿಗೆಪ್ಪ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಇಂಡಿ ಕಡೆಯ ಮನುಷ್ಯ, ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಫ್ಯಾಕ್ಟರಿಯ ಗೇಟಿನಲ್ಲಿ ವಾಚ್‌ಮನ್. ಈ ಮನೆಯ ಜಾಗವನ್ನು ಗುಡ್ಡದಿಂದ ತಾನೇ ಕಡಿದು ತೆಗೆದವನು.

"ಅಪ್ಪಾ, ಮಣ್ಣ ಒಯ್ಯಾಕ ಬಂದಿದ್ರಲ್ಲ, ಎಲ್ಲಿ ಅಗದ್ರು?"

"ಮೊದಲ ಮ್ಯಾಲ ನೀರಿನ ಟಾಕಿ ಹಂತ್ಯಾಕ ಅಗ್ಯಾಕ ಹತ್ತಿದ್ರು. ಹಾರಿ ಹಾಕಿದ್ರ ಠಣ್ ಅಂತಿತ್ತ. ಇಬ್ಬರೂ ಬೆವರ ಸುರಸ್ಕೋತ ನಿಂತಿದ್ರು, ಪಾಪ. ನಾನೇ ಕರಕೊಂಡ ಹೋಗಿ ಎತ್ತಿನ ತಗ್ಗ ತೋರಿಸಿದ್ನಿ. ಅವ್ವ ಚಾ ಮಾಡಿ ಕೊಟ್ಳು." ಅವನ ಮುಖದಲ್ಲಿ ಹೆಮ್ಮೆ ಇತ್ತು. "ಮಣ್ಣ ಪರೀಕ್ಷಾ ಮಾಡಾಕ ಬಂದಾರಂದ್ರ ಚೊಲೋ ಮಣ್ಣ ತೋರಸ್ಬೇಕಲ್ಲವಾ? ಕಲ್ಲ ಕೊಟ್ರ ನಮ್ಮ ಗುಡ್ಡಕ್ಕ ಏನ್ ಮರ್ಯಾದಿ?"

ರೂಪಾಲಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಊರಲ್ಲಿ ಹೊಲದ ಮಣ್ಣು ನೋಡಲು ಬಂದವರಿಗೆ ಎರೆಮಣ್ಣಿನ ಪಟ್ಟಿ ತೋರಿಸಿದವರ ಮಗ ಅವನು. ಇಲ್ಲಿಯೂ ಅದೇ ಮಾಡಿದ್ದ.

ಎತ್ತಿನ ತಗ್ಗು ಅಂದರೆ ಮನೆಯ ಹಿಂದಿನ ಆಳದ ಗುಂಡಿ. ವಿಜಯಪುರ, ಬೆಳಗಾವಿ ಕಡೆಯಿಂದ ಬಂದು ಗುಡ್ಡದ ಮೇಲೆ ನೆಲೆಯೂರಿದವರೆಲ್ಲ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣು ತೆಗೆಯುವುದು ಅಲ್ಲಿಂದಲೇ. ಹೆಂಗಸರು ಸುತ್ತ ಕೂತು ಒಂದೊಂದು ಕಲ್ಲನ್ನೂ ಕೈಯಿಂದ ಆರಿಸಿ ಆಚೆ ಎಸೆಯುತ್ತಾರೆ. ಕಲ್ಲು ಉಳಿದರೆ ಎತ್ತಿನ ಕೋಡು ಸೀಳುತ್ತದೆ. ಮಣ್ಣನ್ನು ನೆನೆಹಾಕಿ, ತುಳಿದು, ಜೋಡೆತ್ತು ಮಾಡಿ, ಮುಂದೊಂದು ಮೇವಿನ ಗೋದಲಿ ಇಟ್ಟು ಪೂಜೆ ಮಾಡುತ್ತಾರೆ. ಮಿಕ್ಕ ಮಣ್ಣನ್ನು ಗಟಾರಕ್ಕೆ ಚೆಲ್ಲುವಂತಿಲ್ಲ, ದೇವರದ್ದು. ಪೂಜೆಯಾದ ಎತ್ತುಗಳನ್ನೂ ಕಾಲಿಗೆ ಸಿಗುವಲ್ಲಿ ಬಿಡುವಂತಿಲ್ಲ. ಎಲ್ಲವೂ ಮರಳಿ ಅದೇ ತಗ್ಗಿಗೆ. ರೂಪಾಲಿ ಹುಟ್ಟುವ ಮೊದಲಿನಿಂದ ಹೀಗೆ ನಡೆದು, ಇಡೀ ಗುಡ್ಡದಲ್ಲಿ ಆ ಒಂದು ಗುಂಡಿಯಲ್ಲಿ ಮಾತ್ರ ಕಲ್ಲೇ ಇಲ್ಲದ ಮಣ್ಣು ತುಂಬಿಕೊಂಡಿತ್ತು. ಅದು ಗುಡ್ಡವಲ್ಲ, ಕರಗಿದ ಎತ್ತುಗಳು. ಲ್ಯಾಬಿನ ಚೀಲದಲ್ಲಿ ಬಂದಿದ್ದು ಅದು.

"ಅಪ್ಪಾ, ಅದು ಗುಡ್ಡದ ಮಣ್ಣ ಅಲ್ಲ," ಎಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವ್ವ ಅಂಬವ್ವ ಕೈಯಲ್ಲಿ ಡಬ್ಬಿ ಹಿಡಿದು, ಮೊಣಕಾಲು ಒತ್ತಿಕೊಳ್ಳುತ್ತ, ಸಾರ್ವಜನಿಕ ಪಾಯಖಾನೆಯ ಸರದಿ ಮುಗಿಸಿ ಮೆಟ್ಟಿಲು ಹತ್ತಿ ಬಂದಳು. ಹೋದ ಮಳೆಗಾಲದಲ್ಲಿ ಇದೇ ಮೆಟ್ಟಿಲ ಪಕ್ಕದ ಹನುಮವ್ವನ ಮನೆಯ ತಗಡಿನ ಪತ್ರಾ ಒಡೆದುಕೊಂಡು ಬಂಡೆಯೊಂದು ಒಳಗೆ ಬಂದಿತ್ತು. ಜೇಡಿ ನೆನೆದರೆ ಕಲ್ಲನ್ನು ಕೈ ಬಿಡುತ್ತದೆ. ಅಂದಿನಿಂದ ಜೋರು ಮಳೆ ಹಿಡಿದರೆ ರೂಪಾಲಿಗೆ ನಿದ್ದೆ ಹತ್ತುತ್ತಿರಲಿಲ್ಲ. ಗುಡ್ಡ ಬಿಟ್ಟರೆ ಸಾಕು ಅನ್ನಿಸಲು ಇದು ಒಂದು ಕಾರಣ, ಒಪ್ಪುವಂಥದ್ದು. ಇನ್ನೊಂದು ಕಾರಣವನ್ನು ಅವಳು ಯಾರ ಮುಂದೂ ಆಡುವ ಹಾಗಿರಲಿಲ್ಲ. ಸಾಂತಾಕ್ರೂಜ್‌ನಿಂದ ಕಿಶೋರನೆಂಬ ವರನ ತಾಯಿ ಹುಡುಗಿ ನೋಡಲು ಬಂದು, ಅವಲಕ್ಕಿ ತಿಂದು, ಬಾತ್‌ರೂಮ್ ಎಲ್ಲಿ ಎಂದು ಕೇಳಿದ್ದಳು. ತೋರಿಸಿದ ಕಡೆ ನೋಡಿ, ಸೀರೆಯ ನಿರಿಗೆ ಎತ್ತಿಕೊಂಡು ಗುಡ್ಡ ಇಳಿದವಳು ಮತ್ತೆ ಫೋನ್ ಎತ್ತಿರಲಿಲ್ಲ. ಎಬ್ಬಿಸಿದವರಿಗೆಲ್ಲ ಕಾಂದಿವಲಿ ಸ್ಟೇಷನ್ ಬಳಿಯೇ ಫ್ಲ್ಯಾಟ್ ಕೊಡುತ್ತಾರಂತೆ ಎಂಬ ಸುದ್ದಿ ಚಾಳಿನಲ್ಲಿ ಓಡಾಡುತ್ತಿತ್ತು. ಒಳಗೇ ಬಾತ್‌ರೂಮ್, ಚಿಲಕ ಹಾಕಿಕೊಳ್ಳುವಂಥದ್ದು.

ತೆರೆದ ಬಾಯಿ ಮುಚ್ಚಿಕೊಂಡಳು.

ಮರುದಿನ ಲ್ಯಾಬಿನ ಮುಖ್ಯಸ್ಥ ತಿರುಮಲೇಶ್ ಅವಳನ್ನು ಕರೆದರು. ಮೈಸೂರು ಕಡೆಯವರು, ಮೆತ್ತಗಿನ ಮಾತಿನವರು, ಆದರೆ ಮಣ್ಣಿನ ವಿಷಯದಲ್ಲಿ ಮೂಗು ಚುರುಕು.

"ಇದೇನಮ್ಮ ರೂಪಾಲಿ, ಗುಡ್ಡದಲ್ಲಿ ಒಂದು ಕಲ್ಲೂ ಇಲ್ವಾ? ಸೋಸಿ ಇಟ್ಟ ಹಾಗಿದೆ. ಯಾವುದೋ ಹಳ್ಳ ಮುಚ್ಚಿದ ಜಾಗದಲ್ಲಿ ಅಗೆದಿರಬೇಕು ಇವರು. ಬೇಕಿದ್ರೆ ಇನ್ನೊಂದು ಸಲ ತರಿಸ್ತೀನಿ." ಕನ್ನಡಕದ ಮೇಲಿಂದ ನೋಡಿದರು. "ನೀನೂ ಕಾಂದಿವಲಿಯವಳೇ ಅಲ್ವಾ? ಆ ಗುಡ್ಡ ನೋಡಿದೀಯಾ?"

ಇಷ್ಟು ಅಗಲಕ್ಕೆ ಬಾಗಿಲು ತೆರೆದು ಹಿಡಿಯುವವರು ಸಿಗುವುದು ಅಪರೂಪ. ಹೌದು ಸರ್, ಅದು ತಗ್ಗಿನ ಮಣ್ಣು, ಇನ್ನೊಂದು ಸಲ ತರಿಸಿ, ಅನ್ನುವುದಕ್ಕೆ ಉಸಿರು ಕೂಡ ಪೂರ್ತಿ ಬೇಕಿರಲಿಲ್ಲ.

"ನಮ್ಮ ಮನಿ ಸ್ಟೇಷನ್ ಹತ್ರ ಸರ್. ಗುಡ್ಡದ ಕಡೆ ಹೋಗೋದಿಲ್ಲ," ಎಂದಳು. "ಮಣ್ಣ ಬಂದಂಗ ಬರದೀನಿ."

ತಿರುಮಲೇಶ್ ವರದಿಯನ್ನು ಇನ್ನೊಮ್ಮೆ ಓದಿದರು. ಆಮೇಲೆ ಸಹಿ ಹಾಕಿದರು.

ಮಳೆಗೆ ಮುಂಚೆಯೇ ಗುಡ್ಡ ಖಾಲಿಯಾಯಿತು. ಸ್ಟೇಷನ್ ಬಳಿಯ ಫ್ಲ್ಯಾಟಿನ ಸುದ್ದಿ ಸುದ್ದಿಯಾಗಿಯೇ ಉಳಿಯಿತು. ಅವರನ್ನೆಲ್ಲ ತಂದು ಸುರಿದದ್ದು ಶಹರದ ಇನ್ನೊಂದು ತುದಿಗೆ, ಚಿಮಣಿಗಳ ನೆರಳಿನಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ನಿಂತ ಬಿಲ್ಡಿಂಗುಗಳಿಗೆ. ಬಾತ್‌ರೂಮ್ ಒಳಗೇ ಇತ್ತು, ಚಿಲಕವೂ ಇತ್ತು. ನೀರು ಮಾತ್ರ ತನಗೆ ಮನಸ್ಸು ಬಂದಾಗ ಬರುತ್ತಿತ್ತು. ಕಿಟಕಿ ತೆರೆದರೆ ಗಂಟಲು ಉರಿಯುವ ಗಾಳಿ, ಮುಚ್ಚಿದರೆ ಕತ್ತಲೆ. ಗದಿಗೆಪ್ಪನ ಗೇಟಿನ ಕೆಲಸ ಹೋಯಿತು. ಈ ವಯಸ್ಸಿನಲ್ಲಿ ಬಸ್ಸು, ಲೋಕಲ್ಲು ಬದಲಿಸಿಕೊಂಡು ಕಾಂದಿವಲಿಗೆ ಹೋಗಿ ಬರುವುದು ಆಗದ ಮಾತು. ಅಂಬವ್ವನಿಂದ ಜೋಳದ ರೊಟ್ಟಿ ಒಯ್ಯುತ್ತಿದ್ದ ಮನೆಗಳೆಲ್ಲ ಅಲ್ಲೇ ಉಳಿದವು. ಕಿಶೋರನ ಮದುವೆ ಬೇರೆ ಕಡೆ ಆಯಿತೆಂದು ಯಾರೋ ಹೇಳಿದರು.

ಕಾಯಿಪಲ್ಲೆ ಮಾರುವ ರಾಚವ್ವ ಮಾತ್ರ ಗಿರಾಕಿ ಬಿಡಲಾರದೆ ಈಗಲೂ ಕಾಂದಿವಲಿಗೇ ಹೋಗುತ್ತಿದ್ದಳು. ಸುದ್ದಿ ತಂದವಳು ಅವಳು. ಗುಡ್ಡದ ಮೇಲೆ ದೊಡ್ಡ ಬೋರ್ಡು ಬಿದ್ದಿದೆ, ಟಾವರ್ ಏಳುತ್ತದೆ, ಮಶೀನುಗಳು ಕಡಿದು ಹಾಕಿದ್ದೆಲ್ಲ ಎಮ್ಮೆಯಂಥ ಕಲ್ಲುಗಳೇ. "ಇಡೀ ಗುಡ್ಡ ಕಲ್ಲ ಐತಿ. ನಾವ್ ಕೂತದ್ದ ಒಂದ ಜೇಡಿ ಆತೇನ?" ಎಂದು ನಳದ ಮುಂದೆ ಕೇಳಿದಳು. ಮಣ್ಣು ಎಲ್ಲಿಂದ ಹೋಗಿತ್ತೆಂದು ಒಬ್ಬರಿಗೊಬ್ಬರು ವಿಚಾರಿಸಿದರು. ತಗ್ಗು ತೋರಿಸಿದ್ದು ಯಾರೆಂಬುದು ಗುಟ್ಟೇನೂ ಆಗಿರಲಿಲ್ಲ. ಅಂದಿನಿಂದ ಗದಿಗೆಪ್ಪ ಕೊಡ ಹಿಡಿದು ಬಂದರೆ ನಳದ ಬಳಿ ಮಾತು ನಿಲ್ಲತೊಡಗಿತು. ಅಮಾವಾಸ್ಯೆ ಬಂದು ಹೋಯಿತು. ಯಾರ ಮನೆಯಲ್ಲೂ ಎತ್ತು ಮಾಡಲಿಲ್ಲ. ಸಿಮೆಂಟು ಹಾಸಿದ ಅಂಗಳದಲ್ಲಿ ಮಣ್ಣೆಲ್ಲಿ?

ಒಂದು ಶನಿವಾರ ಊಟಕ್ಕೆ ಕೂತಾಗ ಗದಿಗೆಪ್ಪ ತಟ್ಟೆ ಸರಿಸಿ ಕೇಳಿದ.

"ಖರೇ ಹೇಳವಾ. ನಾ ಬ್ಯಾರೆ ಕಡೆ ತೋರಿಸಿದ್ರ ಮನಿ ಉಳೀತಿತ್ತೇನ?"

ರೂಪಾಲಿ ರೊಟ್ಟಿ ಮುರಿಯುತ್ತಲೇ ಇದ್ದಳು. ಹೇಳಬಹುದಿತ್ತು. ಸಾಹೇಬರು ತಾವಾಗಿ ಇನ್ನೊಂದು ಸಲ ತರಿಸುತ್ತೇನೆ ಎಂದಿದ್ದರು, ನಾನೇ ಬೇಡವೆಂದೆ, ಎಂದು.

"ಉಳೀತಿತ್ತೇನೋ ಅಪ್ಪಾ."

ಗದಿಗೆಪ್ಪ ಮಗಳನ್ನು ಬಹಳ ಹೊತ್ತು ನೋಡಿದ, ಇನ್ನೂ ಏನೋ ಬರಲಿದೆ ಎಂದು ಕಾಯುವವನ ಹಾಗೆ. ಬರಲಿಲ್ಲ.

"ಹಂಗಾರ ನಾಳೆ ರಜಾ ಅಲ್ಲೇನ? ನನ್ನ ಕೂಡ ಬಾ. ಗುಡ್ಡದವರ ಮನಿಗಿ ಒಂದ್ ಸುತ್ತ ಹೋಗಿ ಬರೂಣು."

ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಿಳಿ ಟೊಪ್ಪಿಗೆ ಹಾಕಿಕೊಂಡು, ಹೆಣ್ಣು ಕೇಳಲು ಹೊರಟವನಂತೆ ಸಿದ್ಧನಾಗಿದ್ದ. ಲಿಫ್ಟು ಕೆಟ್ಟು ಎಷ್ಟೋ ದಿನವಾಗಿತ್ತು. ಮೊದಲು ಮೋನಪ್ಪನ ಮನೆ. ಮಂಗಳೂರು ಕಡೆಯವನು, ಸಾಂತಾಕ್ರೂಜ್‌ನ ಹೋಟೆಲಿನಲ್ಲಿ ಕೆಲಸ. ಗದಿಗೆಪ್ಪ ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲಲ್ಲೇ ನಿಂತು ಕೈ ಮುಗಿದ. "ತಗ್ಗ ತೋರಿಸಿದಾಂವ ನಾನು. ತಪ್ಪಾತು," ಎಂದ.

ಮೋನಪ್ಪ ಗಾಬರಿಯಾಗಿ ಆ ಕೈಗಳನ್ನು ಹಿಡಿದು ಕೆಳಗಿಳಿಸಿದ. "ಎಂಥ ಮಾಡುದು ಮಾರಾಯ್ರೆ ನೀವು. ಗೊತ್ತಿದ್ದು ಮಾಡಿದ್ದಲ್ಲ ಅಲ್ವಾ? ಗೊತ್ತಿದ್ದು ಮಾಡಿದವನಿಗೆ ಬೈಬೇಕು."

ರೂಪಾಲಿ ಗೋಡೆಯ ಕಡೆ ನೋಡಿದಳು.

ರಾಚವ್ವ ಅಷ್ಟು ಸುಲಭದವಳಲ್ಲ. ಒಳಗೆ ಕರೆಯಲೂ ಇಲ್ಲ. ಸೊಪ್ಪು ಸೋಸುತ್ತಿದ್ದ ಕೈಯಲ್ಲೇ ಬಾಗಿಲಿಗೆ ಬಂದು ಎಲ್ಲ ಕೇಳಿಸಿಕೊಂಡಳು. ಆಮೇಲೆ ಕಣ್ಣನ್ನು ಗದಿಗೆಪ್ಪನಿಂದ ಕಿತ್ತು ಅವನ ಹಿಂದೆ ನಿಂತವಳ ಮೇಲೆ ಇಟ್ಟಳು.

"ನಿಂದ ಬಿಡಣ್ಣಾ, ನೀ ಶಾಣ್ಯಾ ಅಲ್ಲ. ಇಕಿ ಕಲತಾಕಿ, ಮಣ್ಣಿನ ಆಫೀಸಿನ್ಯಾಗೇ ಇದ್ಲು. ನಮ್ಮ ತಗ್ಗಿನ ಮಣ್ಣಿನ್ಯಾಗ ಆಡಿ ಬೆಳದಾಕಿ. ಇಕಿಗೆ ತಿಳೀಲಿಲ್ಲೇನ?"

ರೂಪಾಲಿ ಒಂದು ಹೆಜ್ಜೆ ಮುಂದೆ ಬಂದಳು. ಈಗ ಎಲ್ಲ ಹೊರಬಿದ್ದರೆ ಬೀಳಲಿ ಅನ್ನಿಸಿ, "ಮಾವಶಿ..." ಎಂದಳು.

"ಇಕಿಗೇನ್ ಗೊತ್ತ ತಂಗಿ," ಗದಿಗೆಪ್ಪ ಮಗಳ ಮಾತಿಗೆ ಅಡ್ಡ ಬಂದ. ದನಿ ಏರಿಸಲಿಲ್ಲ. "ಅಲ್ಲಿ ಸಾವಿರ ಚೀಲ ಬರ್ತಾವ. ಎಲ್ಲಿ ಅಗದ್ರು ಅಂತ ನಾ ಇಕಿಗೆ ಹೇಳೇ ಇದ್ದಿಲ್ಲ. ಇವತ್ತಿನ ತನಕಾ ಹೇಳಿದ್ದಿಲ್ಲ. ದೇವರಾಣಿ."

ರಾಚವ್ವ ಅವನ ಮುಖ ನೋಡಿದಳು. ದೇವರ ಹೆಸರಿನಲ್ಲಿ ಸುಳ್ಳು ಹೇಳುವವನಲ್ಲ ಗದಿಗೆಪ್ಪ ಎಂದು ಇಡೀ ಗುಡ್ಡಕ್ಕೆ ಗೊತ್ತಿತ್ತು. ಅವಳು ಸೆರಗಿನಿಂದ ಕೈ ಒರೆಸಿಕೊಂಡು, "ಹೋಗ್ಲಿ, ಬರ್ರಿ ಒಳಗ, ಚಾ ಕುಡದ ಹೋಗ್ರಿ," ಎಂದಳು.

"ಇನ್ನೂ ಮನಿ ಅದಾವ," ಎಂದ ಗದಿಗೆಪ್ಪ.

ಕಟ್ಟೆಯ ಮೇಲೆ ಕೂತು ಎತ್ತಿನ ತಗ್ಗಿನ ಸಂಗತಿಯನ್ನು ಮಗಳಿಗೆ ಒಂದೂ ಬಿಡದೆ ಹೇಳಿದವನು ಅವನೇ. ಅದನ್ನು ಅವನು ಮರೆತಿಲ್ಲ. ರೂಪಾಲಿ ತಿಳಿದೂ ಸುಮ್ಮನಿದ್ದದ್ದು ಅವನಿಗೆ ಯಾವಾಗಿನಿಂದ ಗೊತ್ತಿತ್ತೋ. "ಅಪ್ಪಾ," ಎಂದಳು. ಅವನು ತಿರುಗಲಿಲ್ಲ. ಕಂಬಿ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತ ಮೇಲಿನ ಮಹಡಿಗೆ ಏರಿದ. ಅವಳು ಹಿಂದೆ ಹೋದಳು. ಮೊದಲ ಬಾಗಿಲು ಹನುಮವ್ವನದು, ಮುಚ್ಚಿತ್ತು. ಗದಿಗೆಪ್ಪ ಬಾಗಿಲು ತಟ್ಟಿ, ಚಪ್ಪಲಿಗಳನ್ನು ಗೋಡೆಗೆ ಹೊಂದಿಸಿ ಬಿಟ್ಟು, ಒಳಗಿನಿಂದ ಹೆಜ್ಜೆ ಸಪ್ಪಳ ಕೇಳುವ ಮೊದಲೇ ಎರಡೂ ಕೈ ಜೋಡಿಸಿ ನಿಂತ.