ಕುಮಟೆಯ ಹೊಳವು

“ಗಾಳಿ ನಿಂತಿದೆ. ಹೊಳವಾಗಿದೆ. ಮಚವೆ ಹತ್ತುತ್ತಿದ್ದೇನೆ.”

ಮೆಣಸಿನ ಮೂಟೆಗಳ ಜೊತೆ ಹಾಯಿದೋಣಿ ಏರಲು ಕುಮಟೆಗೆ ಹೋಗಿದ್ದ ಅಳಿಯ ಹಯಾತ್ ಕಳಿಸಿದ ತಂತಿಯನ್ನು ಶಿರಸಿಯ ಅಂಚೆ ಮಾಸ್ತರ ಕಮಲಾಕರ ಓದಿ ಹೇಳಿದಾಗ, ಗಾಡಿಗಳ ಒಡೆಯ ಸುಭಾನ್ ಸಾಹೇಬರು ಗಡ್ಡ ನೀವಿಕೊಂಡು ನಕ್ಕರು.

“ಅಂತೂ ಪಾಠ ಕಲಿತ. ಮಳೆ ಹೊಳವು ಕೊಟ್ಟ ಕೂಡ್ಲೆ ಎತ್ತು ಕಟ್ಟಿ ಹಳ್ಳ ದಾಟು ಅಂತ ನಾನೇ ಬಡಿದು ಹೇಳಿದ್ದು. ಇಲ್ದಿದ್ರೆ ಮಾವನ ಮನೆ ಚಾ ಕುಡಿತಾ ಕೂರೋ ಆಸಾಮಿ.”

ಕಮಲಾಕರ ನಗಲಿಲ್ಲ. “ಈಗಷ್ಟೇ ಕುಮಟೆಯ ತಂತಿಯವ ತೆಂಕಣ ಗಾಳಿಗೆ ಹೆಂಚು ಹಾರ್ತಿವೆ ಅಂದಿದ್ದ. ಒಮ್ಮೆಲೇ ಹೊಳವೇ, ಸಾಹೇಬ್ರೆ?”

“ನಿಂತಿತಲ್ಲ, ಬಿಡಿ. ಮಗಳು ರಹೀಮಾ ತುಂಬಿದ ಬಸುರಿ, ನಿನ್ನೆಯಿಂದ ಉಂಡಿಲ್ಲ. ಹೋಗಿ ಹೇಳ್ತೇನೆ.”

“ಹೇಳಬೇಡಿ.” ಕಮಲಾಕರನ ಧ್ವನಿ ಕುಗ್ಗಿತ್ತು. “ಇದು ಹೊಳವಲ್ಲ, ಚಂಡಮಾರುತದ ನಡು. ಮೂಡಣ ದಂಡೆಯ ಮಚಲಿಪಟ್ಟಣದಲ್ಲಿದ್ದಾಗ ಇದನ್ನ ಕಂಡಿದ್ದೇನೆ. ಕಾದ ಕಡಲಿಂದ ಆವಿ ಮೇಲೇಳ್ತದೆ, ಆ ತೆರವಿಗೆ ಸುತ್ತಲ ಗಾಳಿ ನುಗ್ತದೆ. ಭೂಮಿ ತಿರುಗೋದ್ರಿಂದ ನೇರ ಬರಲಾರದೆ ಬೀಸುಕಲ್ಲಿನ ಹಾಗೆ ಸುತ್ತುತ್ತದೆ. ನಡುವಿನ ಗೂಟದ ಹತ್ರ ಮಾತ್ರ ಶಾಂತ. ಹಯಾತ್ ಈಗ ಅಲ್ಲಿದ್ದಾನೆ. ಕಲ್ಲಿನ ಇನ್ನರ್ಧ ಎದುರು ದಿಕ್ಕಿಂದ ಅವನ ಮೇಲೆ ಹಾಯಬೇಕಷ್ಟೆ.”

“ಕುಮಟೆಯ ಹಡಗಿನ ಖಲಾಸಿಗಳಿಗೆ ಇದು ತಿಳೀದೆ?”

“ಕಂಡಿದ್ದರೆ ತಾನೆ? ಮೂಡಣ ಕಡಲು ಹೆಚ್ಚು ಬಿಸಿ. ಅಲ್ಲಿ ಹುಟ್ಟಿದ್ದು ಪಡುವಣಕ್ಕೆ ಸಾಗಿ ಆ ದಂಡೆಗೇ ಬಡೀತದೆ. ನಮ್ಮ ಕಡಲಲ್ಲಿ ಹುಟ್ಟೋದೇ ಕಡಿಮೆ, ಹುಟ್ಟಿದ್ದೂ ಅರಬಸ್ತಾನದ ಕಡೆ ಹೋಗ್ತದೆ. ಇತ್ತ ತಿರುಗೋದು ತಲೆಮಾರಿಗೊಂದು.”

ಸುಭಾನರ ಬೆರಳುಗಳು ಮೇಜಿನಂಚನ್ನು ಹಿಡಿದವು. “ಇಳಿ ಅನ್ನಿ. ಮಾವನ ಹುಕುಂ ಅನ್ನಿ. ಮೂಟೆ ಮೆಣಸು ಹಾಳಾಗ್ಲಿ.”

ಯಂತ್ರ ಟಕಟಕಿಸಿತು. ಉತ್ತರವಿಲ್ಲ. ಮತ್ತೆ ಬಡಿದ. ಕೊನೆಗೆ ಕುಮಟೆ ಮಾತಾಡಿತು; ಕಮಲಾಕರ ಕಿವಿಗೊಟ್ಟು ಕೇಳಿ, ತಡೆದು ತಡೆದು ಹೇಳಿದ.

“ಮಚವೆ ನಿಲ್ಲೋ ದಕ್ಕೆಗೆ ಓಡಿದ್ದ ಆಳು ಮರಳಿ ಬಂದ. ಮಚವೆ ಅಳಿವೆ ದಾಟಿ ಕಡಲಿಗೆ ಇಳಿದಿದೆ. ದಂಡೆಯಿಂದ ಕೂಗಿದ್ದಕ್ಕೆ ಹಯಾತ್ ಕೈಬೀಸಿದನಂತೆ. ಈಗ ಬಡಗಣದಿಂದ ಗಾಳಿ...”

ಯಂತ್ರ ಮೂಕವಾಯಿತು.

“ಬಡಗಣದಿಂದ ಗಾಳಿ?”

“ತಂತಿ ಹರಿದಿದೆ, ಸಾಹೇಬ್ರೆ.”

“ಇನ್ನೊಮ್ಮೆ ಬಡೀರಿ.”

ಕಮಲಾಕರ ಬಡಿದ. ಅತ್ತ ಕೇಳುವವರಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವನು ಕೈ ತೆಗೆದರೆ ಸುಭಾನರು ಎದ್ದು ಮನೆಗೆ, ರಹೀಮಾಳ ಎದುರಿಗೆ, ಹೋಗಬೇಕಿತ್ತು. ಅದಕ್ಕೇ ಅವನು ಬಡಿಯುತ್ತಲೇ ಇದ್ದ.