ಬಲೆ ಹರಿಯುವ ಜಾಗದಲ್ಲಿ ಏನಿದೆ?

ನಮ್ಮ ಬಲೆ ಮತ್ತೆ ಅದೇ ಜಾಗದಲ್ಲಿ ಸಿಕ್ಕಿ ಹರಿಯಿತು. ಹರಿದುಕೊಂಡು ಬರುವವರು ಯಜಮಾನರು, ಕೂತು ಹೊಲಿಯುವವಳು ನಾನು! ಬಲೆ ಹರಿದ ದಿನ ದುಡಿಮೆಯೂ ಇಲ್ಲ.

"ನಾಳೆ ಲಂಗರು ಸಿಕ್ಕಿಸಿ, ಎಂಜಿನ್ ಜೋರು ಮಾಡಿ, ಅದೇನಿದೆಯೋ ಬುಡಸಮೇತ ಕಿತ್ತು ಹಾಕ್ತೀನಿ. ಪೀಡೆ ತೊಲಗಲಿ!" ಎಂದರು ಯಜಮಾನರು.

ನನ್ನ ತಂಗಿ ಮನೆಗೆ ಬಂದಿದ್ದಳು. ಸಮುದ್ರದಡಿಗೆ ಇಳಿದು ಹಳೆಯ ಹಡಗುಗಳನ್ನು ಹುಡುಕುವುದೇ ಅವಳ ಕೆಲಸ.

"ಭಾವ, ಅಲ್ಲಿಂದ ಯಾವತ್ತಾದ್ರೂ ಏನಾದ್ರೂ ಮೇಲೆ ಬಂದಿತ್ತಾ?"

"ಬಂದಿತ್ತಲ್ಲ, ಒಂದು ಹಲಗೆ. ಬೆಂಚು ಮಾಡೋಣ ಅಂತ ಬಿಸಿಲಿಗಿಟ್ಟೆ. ಬಿರುಕು ಬಿಟ್ಟು ಪುಡಿಪುಡಿ ಆಯ್ತು. ದರಿದ್ರ ಮರ!"

"ಅಯ್ಯೋ, ಮರಕ್ಕೆ ಯಾಕೆ ಬೈತೀರಿ? ನೂರಾರು ವರ್ಷ ನೀರು ಕುಡಿದದ್ದು, ಒಣಗಿಸಿದ್ರೆ ಉಳಿಯುತ್ತಾ? ಕೀಳೋ ಮುಂಚೆ ಒಂದ್ಸಲ ನೋಡೋಣ."

"ನೋಡಿದ್ರೆ ಹೊಟ್ಟೆ ತುಂಬುತ್ತಾ?" ಎಂದು ಗೊಣಗುತ್ತಲೇ ಬೆಳಿಗ್ಗೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ದೋಣಿ ಬಿಟ್ಟರು. ನನ್ನ ಮಾತಿಗಿಲ್ಲದ ಬೆಲೆ ನಾದಿನಿಯ ಮಾತಿಗಿದೆ.

ತಂಗಿ ಕ್ಯಾಮೆರಾ ಹಿಡಿದು ನೀರಿಗಿಳಿದಳು. ದೋಣಿಯಲ್ಲಿದ್ದ ಪರದೆಯಲ್ಲಿ ನಾವಿಬ್ಬರೂ ನೋಡುತ್ತಿದ್ದೆವು. ಮೊದಲು ಬರೀ ಕೆಸರು. ಆಮೇಲೆ, ಅಬ್ಬಬ್ಬಾ! ನಮ್ಮ ಮನೆಗಿಂತ ಉದ್ದದ ಹಡಗೊಂದು ಒಂದು ಮಗ್ಗುಲಿಗೆ ಮಲಗಿತ್ತು. ಸಂದಿಗಳಿಂದ ಮೀನಿನ ಮರಿಗಳು ಹಿಂಡುಹಿಂಡಾಗಿ ಹೊರಬಂದವು. ಕ್ಯಾಮೆರಾ ಹತ್ತಿರ ಹೋಯಿತು. ಒಂದು ಮೊಳೆಯೂ ಕಾಣಲಿಲ್ಲ. ಹಲಗೆಗೆ ಹಲಗೆ ಸೇರಿಸಿ ಹಗ್ಗದಲ್ಲಿ ಹೊಲಿದಿದ್ದರು!

ನನಗೆ ಮೈ ಜುಮ್ಮೆಂದಿತು. ಯಾವ ಕಾಲದಲ್ಲೋ ಯಾರೋ ಕೂತು ಇಡೀ ಹಡಗನ್ನೇ ಹೊಲಿದಿದ್ದಾರೆ.

ತಂಗಿ ಮೇಲೆ ಬಂದ ಮೇಲೆ ಯಜಮಾನರು ಮೆಲ್ಲಗೆ ಕೇಳಿದರು: "ಇದರಲ್ಲಿದ್ದೋರು ದಡ ಸೇರಿದ್ರೇನಮ್ಮಾ?"

"ಗೊತ್ತಿಲ್ಲ ಭಾವ. ಅವರ ಸುದ್ದಿ ಹೇಳೋಕೆ ಉಳಿದಿರೋದು ಇದೊಂದೇ. ಕಿತ್ತಿದ್ರೆ ಅದೂ ಹೋಗ್ತಿತ್ತು. ಮೀನಿನ ಮರಿಗಳೂ ಇಲ್ಲೇ ಬೆಳೀತಿವೆ, ನೋಡಿದ್ರಲ್ಲ?"

ಯಜಮಾನರು ಎಳೆಯಲು ತಂದಿದ್ದ ದಪ್ಪ ಹಗ್ಗವನ್ನು ಸುತ್ತಿ ಒಳಗಿಟ್ಟರು. ಹಡಗಿಗೆ ತಾಗದಂತೆ ಪಕ್ಕದಲ್ಲಿ ಭಾರ ಇಳಿಸಿ, ಗುರುತಿಗೆ ತೇಲುವ ಡಬ್ಬ ಕಟ್ಟಿದರು. ಸಂಜೆ ದಡದಲ್ಲಿ ಎಲ್ಲ ದೋಣಿಯವರನ್ನೂ ಕರೆದು, "ಅಲ್ಲಿ ಬಲೆ ಬಿಡಬೇಡ್ರಪ್ಪಾ. ಕೆಳಗೆ ನಮ್ಮಂಥೋರ ಹಡಗಿದೆ" ಎಂದರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಬಲೆಗೂ ಹಳೆಯ ಹಲಗೆಯೋ ಮಡಕೆಯೋ ಸಿಗಬಹುದು. ಜಗ್ಗಿ ಎಳೆಯಬೇಡಿ, ಮಾರಬೇಡಿ. ಮೇಲೆ ಬಂದೇಬಿಟ್ಟರೆ ತಿಕ್ಕಬೇಡಿ, ಒಣಗಿಸಬೇಡಿ. ಸಮುದ್ರದ ನೀರಿನಲ್ಲೇ ಮುಳುಗಿಸಿಡಿ. ಜಾಗ ಗುರುತಿಟ್ಟುಕೊಂಡು ಪುರಾತತ್ವ ಇಲಾಖೆಗೆ ತಿಳಿಸಿ. ಸಮುದ್ರ ಇಷ್ಟು ಕಾಲ ಜೋಪಾನ ಮಾಡಿದ್ದನ್ನು ನಾವು ಒಂದೇ ದಿನದಲ್ಲಿ ಹಾಳು ಮಾಡುವುದು ಬೇಡ.