ಅಕ್ಕನ ಹೆಸರಿಗೆ ಓ ಅಂದವಳು

ಮನಿಷಾ ಖಾನಾಪುರದ ಬಸ್ಸಿಳಿದು ನಮ್ಮ ಮಹಾಂತೇಶ ನಗರದ ಮನೆಗೆ ಬಂದ ದಿನ ನಾನು ಹೇಳಿದ ಮೊದಲ ಮಾತು, "ಇಲ್ಲಿ ನಿನಗ ಲಕ್ಷ್ಮೀ ಅಂತ ಕರೀತೀವಿ. ಓ ಅನ್ನು, ಸಾಕು."

ಲಕ್ಷ್ಮೀ ಅವಳ ಅಕ್ಕ. ಎರಡು ವರ್ಷ ನನ್ನ ಮಗಳು ರಾಧಿಕಾಳನ್ನು ನೋಡಿಕೊಂಡಿದ್ದಳು. ಎರಡು ಸಾವಿರದ ಇಸವಿ ಮಾರ್ಚಿನಲ್ಲಿ ಲಕ್ಷ್ಮೀಗೆ ಜ್ವರ ಬಂತು. ನಾನು ಹೈಸ್ಕೂಲ್ ಟೀಚರು, ಪರೀಕ್ಷೆ ಶುರುವಾಗಿತ್ತು. ಗುಳಿಗೆ ನುಂಗಿಸಿ ಒಬ್ಬಳನ್ನೇ ಬಸ್ಸು ಹತ್ತಿಸಿದೆ. ನಾಲ್ಕನೇ ದಿನ ಊರಲ್ಲಿ ತೀರಿಕೊಂಡಳು. ದವಾಖಾನೆಗೆ ಒಯ್ಯಬೇಕಾಗಿತ್ತು, ಒಯ್ಯಲಿಲ್ಲ. ತಪ್ಪು ನನ್ನದೇ.

ನಾಲ್ಕು ವರ್ಷದ ಮಗುವಿಗೆ ಏನು ಹೇಳುವುದು? "ಲಕ್ಷ್ಮೀ ಊರಿಗೆ ಹೋಗ್ಯಾಳ, ಬರ್ತಾಳ" ಅಂದೆ. ರಾಧಿಕಾ ಗೇಟು ಹಿಡಿದು ನಿಂತಳು, ಊಟ ಬಿಟ್ಟಳು. ಲಕ್ಷ್ಮೀಯ ಅವ್ವ ಸಂಗವ್ವನ ಕಾಲು ಹಿಡಿದು ತಂಗಿಯನ್ನು ಕರೆಸಿಕೊಂಡೆ. ಮುಖ ಥೇಟ್ ಅಕ್ಕನದೇ.

ಮನೆಗೆ ಹೊಂದಿಕೊಳ್ಳಲಿ ಎಂದು ಅಕ್ಕನ ಹಾಸಿಗೆ, ಅಕ್ಕನ ತಾಟು, ಅಕ್ಕನ ಹಣಿಗೆ ಎಲ್ಲ ಕೊಟ್ಟೆ. ಮೂರು ದಿನ ಹುಡುಗಿ ಓಗೊಡಲಿಲ್ಲ.

"ಬಾಯಾರ, ಅದು ಅಕ್ಕನ ಹೆಸರ್ರೀ."

"ಕೂಸು ಉಣ್ಣವಲ್ತು, ನಿನಗ ಹೆಸರಿನ ಚಿಂತಿ!" ಎಂದು ಗದರಿದೆ.

ನಾಲ್ಕನೇ ದಿನ ರಾಧಿಕಾ ಕರೆದಾಗ ಅವಳು ಓ ಎಂದಳು. ಮಗು ಇಡೀ ರೊಟ್ಟಿ ತಿಂದಿತು. ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ.

ಕಿವಿಯ ಹಾಲೆ ತಿಕ್ಕಿದರೇ ರಾಧಿಕಾಳಿಗೆ ನಿದ್ದೆ; ಲಕ್ಷ್ಮೀ ಹಚ್ಚಿದ ರೂಢಿ. ಇದನ್ನು ನಾನು ಮನಿಷಾಗೆ ಹೇಳಿರಲಿಲ್ಲ. ಒಂದು ಮಧ್ಯಾಹ್ನ ನೋಡುತ್ತೇನೆ, ತಿಕ್ಕುತ್ತಿದ್ದಾಳೆ.

"ಯಾರ್ ಹೇಳಿದ್ರು ನಿನಗ?"

"ಯಾರೂ ಇಲ್ರೀ. ಕೈಗೆ ಗೊತ್ತೈತಿ."

ಮಗು ಉಣ್ಣುತ್ತಿತ್ತು, ಮಲಗುತ್ತಿತ್ತು. ಬಾಗಿಲು ಎಳೆದುಕೊಂಡು ಹೊರಬಂದೆ.

ನಾಗರ ಪಂಚಮಿಗೆ ಮಗಳನ್ನು ಕರೆದೊಯ್ಯಲು ಸಂಗವ್ವ ಬಂದಳು. ಬಾಗಿಲಲ್ಲೇ ನಿಂತು "ಮನಿಷಾ" ಎಂದು ಮೂರು ಸಲ ಕರೆದಳು. ಹುಡುಗಿ ಎದುರಿಗೇ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. ಒಳಗಿನಿಂದ ರಾಧಿಕಾ "ಲಕ್ಷ್ಮೀ" ಅಂದಳು. "ಓ, ಬಂದೆ" ಎನ್ನುತ್ತ ಎದ್ದು ಹೋದಳು. ಸಂಗವ್ವ ಕಂಬ ಹಿಡಿದುಕೊಂಡಳು.

ರಾಧಿಕಾಳನ್ನು ಎತ್ತಿಕೊಂಡು ನಾನೂ ಅವರನ್ನು ಕಳಿಸಲು ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ಸಿನ ಬಾಗಿಲಲ್ಲಿ ಹುಡುಗಿ ನನ್ನ ಸೆರಗು ಹಿಡಿದಳು. ಅವರವ್ವ ಪಕ್ಕದಲ್ಲೇ ಇದ್ದಳು.

"ಬಾಯಾರ, ನನ್ನ ಒಬ್ಬಾಕಿನ್ನ ಕಳಸಬ್ಯಾಡ್ರೀ."

ಮಾರ್ಚಿನಲ್ಲಿ ಇದೇ ಜಾಗದಲ್ಲಿ ಲಕ್ಷ್ಮೀ ಆಡಿದ ಮಾತು ಅದು. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ.

ಸಂಗವ್ವ ನನ್ನ ಮುಖವನ್ನೇ ನೋಡಿದಳು. "ಖರೇ ಹೇಳ್ರೀ. ನನ್ನ ದೊಡ್ಡಾಕಿ ಹಿಂಗ ಅಂದಿದ್ಲೇನು?"

"ಅಂದಿದ್ಲು" ಎಂದೆ.

ಅವಳು ಬೈಯಲಿಲ್ಲ. ಮಗಳ ಗದ್ದ ಹಿಡಿದು "ಮನಿಷಾ, ಮನಿಷಾ" ಎನ್ನುತ್ತಲೇ ಹತ್ತಿಸಿದಳು.

ಬಸ್ಸು ಹೊರಟಿತು. ನನ್ನ ಸೊಂಟದ ಮೇಲಿಂದ ರಾಧಿಕಾ "ಲಕ್ಷ್ಮೀ" ಎಂದು ಕೂಗಿದಳು. ಕಿಟಕಿಯಿಂದ ಓ ಎಂದು ದನಿ ಬಂತು. ರಾಧಿಕಾ ಮತ್ತೆ ಬಾಯಿ ತೆರೆಯುವುದರೊಳಗೆ ನಾನು ಕೈಯಿಂದ ಮುಚ್ಚಿದೆ.

"ಕರೀಬ್ಯಾಡ ಪುಟ್ಟಾ. ಲಕ್ಷ್ಮೀ ಸತ್ತ ಹೋಗ್ಯಾಳ."